ಬೆಳಕಿಂಡಿಗೆ ತುರುಕಿದ ಸೀರೆ

ದೀಪಾವಳಿ ಮುಗಿದು, ಗೋಕಾಕದ ಮುಂಜಾವಿಗೆ ಕಿವಿ ಕಚ್ಚುವಷ್ಟು ಚಳಿ ಬಂದ ಕೂಡಲೆ ನಾನು ಮಾಳಿಗೆ ಏರುತ್ತೇನೆ. ಸೂರ್ಯನಮಸ್ಕಾರಕ್ಕಿರಬೇಕೆಂದು ಓಣಿಯವರು ಮೊದಮೊದಲು ನನ್ನನ್ನು ಗೌರವದಿಂದ ನೋಡುತ್ತಿದ್ದರು. ಆದರೆ ಕೈಯಲ್ಲಿ ತುದಿಗೆ ಅರಿವೆ ಸುತ್ತಿದ ಬಿದಿರಿನ ಗಳ, ತಲೆಗೆ ಹೆಂಡತಿಯ ಹಳೆಯ ಟಾವೆಲ್ಲು, ಮೂಗಿನ ಮೇಲೆ ಮಸಿ ಕಂಡ ಮೇಲೆ ಆ ಗೌರವ ನನಗಿಂತ ಮೊದಲೇ ಮಾಳಿಗೆಯಿಂದ ಇಳಿದುಹೋಯಿತು. ಬಚ್ಚಲೊಲೆಯ ಹೊಗೆ ಕೊಳವೆಗೆ ಗಳ ಇಳಿಸಿ ವರ್ಷದ ಮಸಿ ಕೆಡವುವುದು, ಮಳೆಗಾಲದಲ್ಲಿ ಬೆಳಕಿಂಡಿಗಳ ಮೇಲೆ ಮುಚ್ಚಿದ ತಗಡು ತೆಗೆಯುವುದು, ಇದು ನನ್ನ ಘನಕಾರ್ಯ. ಬೆಳಕಿಂಡಿ ಎಂದರೆ ನಮ್ಮ ಕಡೆಯ ಮಣ್ಣಿನ ಮಾಳಿಗೆಯಲ್ಲಿ ಬಿಟ್ಟ ರಂಧ್ರ. ಹೆಸರು ಬೆಳಕಿನದಾದರೂ ಅದರ ದುಡಿಮೆಯೆಲ್ಲ ಹೊಗೆಯ ಸೇವೆಯಲ್ಲೇ ಸವೆಯುತ್ತದೆ.

ಗೀಜರಿನ ಈ ಯುಗದಲ್ಲಿ ಒಲೆಯೇಕೆ ಎಂದು ನೀವು ಕೇಳುತ್ತೀರಿ. ಗೀಜರಿನ ನೀರು ಮೈ ತೋಯಿಸುತ್ತದೆಯೇ ಹೊರತು ಕಾಯಿಸುವುದಿಲ್ಲ ಎಂಬುದು ನನ್ನ ಹೆಂಡತಿಯ ಸಿದ್ಧಾಂತ. ಗೋವಿನಜೋಳದ ಕಾಳು ಬಿಡಿಸಿದ ಬೆಂಡು ಉರಿಸಿ ಹಂಡೆಯಲ್ಲಿ ಕಾಯಿಸಿದ್ದೇ ನೀರು, ಮಿಕ್ಕಿದ್ದೆಲ್ಲ ನೀರಿನ ಭಾಸ. ನಾನು ಭೂಗೋಳದ ಮಾಸ್ತರ. ಬಿಸಿಗಾಳಿ ಮೇಲೇರುತ್ತದೆ, ಅದಕ್ಕೆ ದಾರಿ ಬೇಕು, ಹೋದ ಗಾಳಿಯ ಸ್ಥಾನಕ್ಕೆ ತಂಪುಗಾಳಿ ಬರಬೇಕು ಎಂದು ಸರ್ವಿಸ್ ಪೂರ್ತಿ ಕರಿಹಲಗೆಯ ಮೇಲೆ ಬಾಣ ಬಿಡಿಸಿ ಹೇಳಿದವನು. ಸಾಲಿಯಲ್ಲಿ ಮಕ್ಕಳು ತಲೆಯಾಡಿಸುತ್ತಾರೆ. ಮನೆಯಲ್ಲಿ ಆ ಸೌಜನ್ಯವೂ ಇಲ್ಲ.

ಹೋದ ಚಳಿಗಾಲದಲ್ಲಿ ಮೂಡಲಗಿಗೆ ಕೊಟ್ಟ ಮಗಳು ಸುಜಾತಾ ಚೊಚ್ಚಲ ಬಾಣಂತನಕ್ಕೆ ಬಂದಳು. ಹೆಣ್ಣು ಕೂಸು, ಅಂಗೈ ಮೇಲೆ ಹಿಡಿಯುವಂಥ ಜೀವ. ಬಾಣಂತನ ಮಾಡಲು ಯಮಕನಮರಡಿಯಿಂದ ನನ್ನ ಹೆಂಡತಿಯ ದೊಡ್ಡವ್ವ ಗಂಗವ್ವ ಬಂದಿಳಿದರು. ಬಂದವರೇ ಒಳಕೋಣೆಯ ಕಿಟಕಿಗೆ ಕಂಬಳಿ ಬಡಿದರು, ಬಾಗಿಲ ಸಂದಿಗೆ ಹಳೆಯ ಧೋತರ ತುರುಕಿದರು, ಮಗಳು ಮಲಗುವ ಹೊರಸಿನ ಕೆಳಗೆ ಅಗ್ಗಿಷ್ಟಿಗೆಯಿಟ್ಟು ಅದರ ತುಂಬ ಜಾಲಿಯ ಕೆಂಡ ಸುರಿದರು. ಬಾಣಂತಿಯನ್ನು ಹೀಗೆ ಕೆಂಡದ ಮೇಲೆ ಕಾಯಿಸುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಹಾಗೆ ಕಾಯಿಸಿಕೊಂಡ ತಾಯಂದಿರ ಮಕ್ಕಳೇ ನಾವೆಲ್ಲ ಆದ್ದರಿಂದ ಅದನ್ನು ಬೈಯಲು ಬಾಯಿ ಬರುವುದಿಲ್ಲ. ಬೆಳಕಿಂಡಿಯೊಂದನ್ನಾದರೂ ಬಿಡಿರೆಂದು ಕೇಳಿಕೊಂಡೆ.

"ಕೆಂಡಕ್ಕ ಹೊಗಿ ಎಲ್ಲೈತ್ರಿ ಮಾಸ್ತರ? ಹೊಗಿನ ಇಲ್ಲಂದ ಮ್ಯಾಲ ಕಿಂಡಿ ಯಾಕ ಬೇಕು? ಕೂಸಿಗೆ ತಂಡಿ ಹತ್ತಿದ್ರ ತಡ್ಯಾಕ ನೀವು ಬರತೀರೇನು?" ಎಂದರು ಗಂಗವ್ವ.

ತರ್ಕ ನಿರ್ದುಷ್ಟವಾಗಿತ್ತು. ಹೊಗೆ ಕಣ್ಣು ಉರಿಸಿ, ಕೆಮ್ಮಿಸಿ, ಮನೆಯವರನ್ನೆಲ್ಲ ಎಬ್ಬಿಸಿ ತಾನು ಬಂದದ್ದನ್ನು ಸಾರುತ್ತದೆ. ಕೆಂಡ ಮಾತ್ರ ಸಾಧುವಿನಂತೆ ಕೆಂಪಗೆ ಕುಳಿತು, ಬಣ್ಣವಿಲ್ಲದ ವಾಸನೆಯಿಲ್ಲದ ವಿಷವನ್ನು ಕೋಣೆಗೆ ತುಂಬುತ್ತದೆ. ಇದನ್ನು ಹೇಳಿದೆ. ಗಂಡಸರಿಗೆ ಬಾಣಂತನದ ಉಸಾಬರಿ ಯಾಕೆಂಬ ನೋಟ ಎರಡು ಕಡೆಯಿಂದ ಬಂತು. ಒಂದು ದೊಡ್ಡವ್ವನದು, ಇನ್ನೊಂದು ನನ್ನ ಹೆಂಡತಿಯದು.

ಅಲ್ಲಿಂದ ಗಂಗವ್ವನಿಗೂ ನನಗೂ ನಿಶ್ಶಬ್ದ ಸಮರವೊಂದು ಶುರುವಾಯಿತು. ನಾನು ಮಾಳಿಗೆ ಏರಿ ಬೆಳಕಿಂಡಿ ತೆರೆದು ಬರುವುದು, ಅವರು ಒಳಗಿನಿಂದ ಹಳೆಯ ಸೀರೆಯ ಗಂಟನ್ನು ಮೇಲಕ್ಕೆ ನೂಕಿ ಕಿಂಡಿ ಬಿಗಿಯುವುದು. ನೂಕಲು ಬಳಸುತ್ತಿದ್ದದ್ದು ನನ್ನದೇ ಗಳ. ಅದು ಅಂಗಳದಿಂದ ಮಾಯವಾದಾಗ ಕಟ್ಟಿಗೆ ಕಳ್ಳರನ್ನು ಶಪಿಸಿದ್ದೆ. ನೋಡಿದರೆ ಬಾಣಂತಿ ಕೋಣೆಯ ಮೂಲೆಯಲ್ಲಿ ಸ್ಥಾಪಿತವಾಗಿತ್ತು. ಊಟಕ್ಕೆ ಕುಳಿತಾಗ ಅವರು ನನಗೆ ಇನ್ನೊಂದು ರೊಟ್ಟಿ ಬಡಿಸುತ್ತಿದ್ದರು, ನಾನು ಬೆಣ್ಣೆ ಚೊಲೊ ಐತ್ರಿ ಎನ್ನುತ್ತಿದ್ದೆ. ಕಿಂಡಿಯ ಮಾತು ಯಾರೂ ಎತ್ತುತ್ತಿರಲಿಲ್ಲ. ಮಗಳು ತಲೆ ಭಾರವೆಂದರೆ, ಬಾಣಂತಿಗೆ ಅದು ಸಹಜವೆಂದು ಇಂಗಿನ ಉಂಡೆ ಕೊಡುತ್ತಿದ್ದರು.

ಒಂದು ಆದಿತ್ಯವಾರ ಮುಂಜಾನೆ ಮತ್ತೆ ಏರಿದೆ. ಕಿಂಡಿಯಲ್ಲಿ ಸೀರೆ ಎಂದಿಗಿಂತ ಬಿಗಿಯಾಗಿತ್ತು. ಎಳೆದು ತೆಗೆದು ಬಗ್ಗಿ ನೋಡಿದೆ. ಗಂಗವ್ವ ಕಾಲು ಚಾಚಿ ಗೋಡೆಗೊರಗಿದ್ದರು, ನೀರೆರೆದು ಒರೆಸಿದ ಕೂಸು ಕಾಲ ಮೇಲಿತ್ತು, ಹೊರಸಿನ ಮೇಲೆ ಮಗಳು. ಚಿತ್ರದಂಥ ದೃಶ್ಯ, ಚಿತ್ರದಂತೆಯೇ ಏನೂ ಅಲುಗಾಡುತ್ತಿರಲಿಲ್ಲ. ಹೆಸರು ಹಿಡಿದು ಕೂಗಿದೆ. ಮೂವರಲ್ಲಿ ಒಬ್ಬರೂ ತಲೆಯೆತ್ತಲಿಲ್ಲ. ಮಾಳಿಗೆಯಿಂದ ಹೇಗಿಳಿದೆನೋ ಇಂದಿಗೂ ಗೊತ್ತಿಲ್ಲ. ಧೋತರ ಸಿಕ್ಕಿಕೊಂಡ ಬಾಗಿಲನ್ನು ಹೆಂಡತಿಯೂ ನಾನೂ ಭುಜ ಕೊಟ್ಟು ನೂಕಿದೆವು, ಒಬ್ಬೊಬ್ಬರನ್ನೇ ಅಂಗಳದ ಗಾಳಿಗೆ ತಂದೆವು. ಮಗಳು ನರಳಿದಳು. ಗಂಗವ್ವ ವಾಂತಿ ಮಾಡಿಕೊಂಡರು. ಕೂಸು ಮಾತ್ರ ಅಳಲಿಲ್ಲ. ಅದರ ಅಳುವಿಗೆ ನಿದ್ದೆ ಕೆಟ್ಟು ಗೊಣಗಿದವನು ನಾನು. ಅಂದು ಅದೊಂದು ಸಲ ಅತ್ತರೆ ಸಾಕೆಂದು ಅಂಗಳದಲ್ಲಿ ನಿಂತಿದ್ದೆ. ನಮ್ಮನ್ನು ಹೊತ್ತ ಬಾಜೂ ಮನೆಯವರ ಕಾರು ದವಾಖಾನೆಯ ಗೇಟು ದಾಟುವಾಗ ಅದು ಅತ್ತಿತು. ನಾನೂ ಅತ್ತೆ, ನಾಚಿಕೆಯಿಲ್ಲದೆ.

ಸಂಜೆಯ ಹೊತ್ತಿಗೆ ಮೂವರಿಗೂ ಅಪಾಯವಿಲ್ಲವೆಂದು ಡಾಕ್ಟರು ಹೇಳಿದರು. ಕೆಂಡದ ವಿಷಗಾಳಿಯ ಬಗ್ಗೆ ನಾನು ಹೇಳಿದ್ದನ್ನೇ ಅವರೂ ಹೇಳಿದರು. ಗೆದ್ದವನ ಠೀವಿಯಲ್ಲಿ ಒಂದಿಷ್ಟು ಉಪದೇಶ ಕೊಡಬೇಕೆಂದು, ಒಪ್ಪಿಕೊಳ್ಳುತ್ತೇನೆ, ನಾಲಗೆ ತುರಿಸುತ್ತಿತ್ತು. ಗಂಗವ್ವ ದವಾಖಾನೆಯ ಕಾಟಿನ ಮೇಲೆ ಎದ್ದು ಕುಳಿತು ಸೆರಗು ಸರಿಮಾಡಿಕೊಂಡರು.

"ನನ್ನ ಚೊಚ್ಚಲ ಕೂಸೂ ಹಿಂಗ ಮಲಗಿತ್ರಿ ಮಾಸ್ತರ," ಎಂದರು. "ಕೆಂಡ ಇತ್ತು, ಕದಾ ಹಾಕಿತ್ತು. ಏಳಲಿಲ್ಲ. ತಂಡಿ ಹತ್ತಿ ಹೋತು ಅಂದ್ರು ಎಲ್ಲಾರೂ. ಅವತ್ತಿಂದ ನಾ ಎಲ್ಲಿ ಬಾಣಂತನಕ್ಕ ಹೋದ್ರೂ ಒಂದ ಸಂದಿ ಬಿಟ್ಟಿಲ್ಲ." ನನ್ನ ಕಡೆ ತಿರುಗಿ ಕೇಳಿದರು. "ತಂಡಿ ಅಲ್ಲೇನ್ರಿ ಅದು?"

ಜೀವಮಾನವಿಡೀ ಸರಿಯುತ್ತರಕ್ಕೆ ಅಂಕ ಕೊಟ್ಟವನು ನಾನು. ಸರಿಯುತ್ತರ ನನ್ನ ಬಾಯಲ್ಲೇ ಇತ್ತು.

"ತಂಡಿನ ಇರಬೇಕ್ರಿ ದೊಡ್ಡವ್ವಾರ," ಎಂದೆ. "ಆಗ ಭಾಳ ತಂಡಿ ಬೀಳತಿತ್ತು."

ಅವರು ನನ್ನ ಮುಖವನ್ನೇ ನೋಡಿ ಹೂಂ ಎಂದರು. ಆಮೇಲೆ ಕೂಸನ್ನು ಕೊಡಿರೆಂದು ಕೇಳಿ ಎತ್ತಿಕೊಂಡರು.

ಸಂದಿ ಬಿಡದೆ ಮುಚ್ಚಿದ ಅವರ ಕೈಗೂ ಮಾಳಿಗೆ ಏರಿ ತೆರೆದ ನನ್ನ ಕೈಗೂ ಇದ್ದದ್ದು ಒಂದೇ ಹೆದರಿಕೆ ಎಂದು ನನಗೆ ಈಗ ಅನ್ನಿಸುತ್ತದೆ. ಬೆಚ್ಚಗಿಡುವುದನ್ನಷ್ಟೇ ಪ್ರೀತಿ ಎಂದು ತಿಳಿಯುವ ನಮಗೆ, ಬೆಚ್ಚಗಿಟ್ಟ ಮೇಲೂ ಒಂದು ಕಿಂಡಿ ಬಿಡಬೇಕೆಂಬುದು ತಡವಾಗಿ ಹೊಳೆಯುತ್ತದೆ. ಕೆಲವರಿಗೆ ಬಹಳ ತಡವಾಗಿ.

ನನ್ನ ಸುಳ್ಳನ್ನು ಅವರು ನಂಬಲಿಲ್ಲ. ಯಮಕನಮರಡಿಯಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಕರೆಯದೆಯೇ ಹೋಗಿ, ಅಗ್ಗಿಷ್ಟಿಗೆ ಹೊರಗೆ ಹಾಕಿಸಿ, ಕಿಟಕಿಯ ಕಂಬಳಿ ಕಿತ್ತು, ಬೈಸಿಕೊಂಡು ಬರುತ್ತಾರೆಂದು ಹೆಂಡತಿ ಹೇಳಿದಾಗ ನನಗದು ತಿಳಿಯಿತು.

ಈ ಸಲವೂ ಚಳಿ ಬಂತು, ನಾನು ಗಳ ಹಿಡಿದು ಮಾಳಿಗೆ ಏರಿದೆ. ಮಸಿ ಇನ್ನೂ ಮೂಗಿಗೆ ಹತ್ತಿರಲಿಲ್ಲ, ಅಷ್ಟರಲ್ಲಿ ಯಮಕನಮರಡಿಯಿಂದ ಫೋನ್ ಬಂತು.

"ಕಿಂಡಿ ತೆರದೀರೇನ್ರಿ ಮಾಸ್ತರ?"

"ತೆರದೇನ್ರಿ ದೊಡ್ಡವ್ವಾರ."

ಅವರು ಫೋನ್ ಇಡಲಿಲ್ಲ. ಬೆಳಕಿಂಡಿಯ ಪಕ್ಕದಲ್ಲಿ ನಾನೂ ಹಾಗೆಯೇ ಫೋನ್ ಕಿವಿಗೆ ಹಿಡಿದು ಕುಳಿತಿದ್ದೆ.