ಹಿಂದಿನ ಗಾಲಿಯ ಜಿಗಿ

ನನ್ನ ಕಾರಿನ ಬಗ್ಗೆ ಯಾರಾದರೂ ಒಂದು ಮಾತು ಆಡಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಗಂಗಾವತಿಯಿಂದ ಕುಷ್ಟಗಿಗೆ ಪಾಠ ಮಾಡಲು ಹೋಗಿಬರುವ ಹೆಂಗಸಿಗೆ ಅಷ್ಟು ಜೋರಿನ ಕಾರು ಯಾಕೆ ಎಂದು ಓಣಿಯವರೆಲ್ಲ ಕೇಳಿದ್ದರು. ಯಾಕೆಂದರೆ ನನಗೆ ಬೇಕಿತ್ತು, ಅಷ್ಟೇ. ಸೆಕೆಂಡ್ ಹ್ಯಾಂಡ್ ಆದರೇನು, ಹೆದ್ದಾರಿಯಲ್ಲಿ ಕಾಲೊತ್ತಿದರೆ ಬೆನ್ನು ಸೀಟಿಗೆ ಅಂಟುತ್ತಿತ್ತು. ಇಂಜಿನ್ನಿನ ಶಕ್ತಿಯೆಲ್ಲ ಹೋಗುವುದು ಹಿಂದಿನ ಎರಡು ಗಾಲಿಗಳಿಗೆ. ಆ ಗಾಲಿಗಳ ಟೈರುಗಳೇ ಸವೆದು ನುಣ್ಣಗಾಗಿದ್ದವು.

ಅದು ಗೊತ್ತಾದದ್ದು ಭತ್ತ ನಾಟಿ ಹಚ್ಚುವ ದಿನಗಳಲ್ಲಿ. ಮಾವನವರನ್ನು ಸಿದ್ದಾಪುರದ ಹತ್ತಿರದ ನಮ್ಮ ಗದ್ದೆಗೆ ಕರೆದೊಯ್ಯುತ್ತಿದ್ದೆ. ಗದ್ದೆಯಿಂದ ಎದ್ದುಬಂದ ಟ್ರ್ಯಾಕ್ಟರುಗಳು ರಸ್ತೆ ತುಂಬ ಕೆಸರು ಉದುರಿಸಿದ್ದವು. ತಿರುವಿನಲ್ಲಿ ಸ್ವಲ್ಪ ವೇಗ ಕೊಟ್ಟೆ. ಕಾರಿನ ಹಿಂಭಾಗ ಸರಕ್ಕನೆ ಪಕ್ಕಕ್ಕೆ ಜಾರಿ, ಇಡೀ ಕಾರು ಚಹಾದಂಗಡಿಯ ಮುಂದೆ ರಸ್ತೆಗೆ ಅಡ್ಡ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಚಹಾ ಕುಡಿಯುತ್ತಿದ್ದವರು ನಕ್ಕರು. ಮಾವನವರು ಇಳಿದು ಧೋತರ ಸರಿಮಾಡಿಕೊಂಡರು.

“ಯವ್ವಾ, ಇನ್ನೊಮ್ಮಿ ಇದು ಬಾಲ ಅಳ್ಳಾಡಿಸ್ತಂದ್ರ ಮಾರಿಬಿಡೂಣು,” ಎಂದರು.

“ಆತ್ರಿ ಮಾವಾರ, ಮಾರೂಣು,” ಎಂದುಬಿಟ್ಟೆ. ನಗೆಪಾಟಲಾದ ಸಿಟ್ಟಿನಲ್ಲಿ ಆಡಿದ ಮಾತು. ಮಾವನವರ ಮುಂದೆ ಕೊಟ್ಟ ಮಾತನ್ನು ವಾಪಸು ತೆಗೆದುಕೊಳ್ಳುವ ರೂಢಿ ನಮ್ಮ ಮನೆಯಲ್ಲಿಲ್ಲ.

ಹಿಂದಿನ ಗಾಲಿಗಳಿಗೆ ಅಗಲದ ಟೈರು ಹಾಕಿಸುವುದೊಂದೇ ದಾರಿ ಎನಿಸಿತು. ಗಂಗಾವತಿಯಲ್ಲಿ ನಾನು ಕೇಳಿದಲ್ಲೆಲ್ಲ ಟ್ರ್ಯಾಕ್ಟರಿನದು, ಲಾರಿಯದು ಇದ್ದವೇ ಹೊರತು ನನ್ನ ಕಾರಿಗೆ ಹೊಂದುವಂಥದ್ದು ಇರಲಿಲ್ಲ. ಕೊಪ್ಪಳಕ್ಕೆ ಹೊರಟೆ. ಅತ್ತೆಯೂ ಹತ್ತಿದರು. ಮನೆಯಲ್ಲಿ ಕಾರಿನ ಪರ ಇದ್ದವರು ಅವರೊಬ್ಬರೇ. ಹಿಟ್ನಾಳದ ಹತ್ತಿರ ಹೆದ್ದಾರಿ ಸಿಕ್ಕ ಕೂಡಲೇ ಸೆರಗು ಬಿಗಿದುಕೊಂಡು, “ಈಗ ಬಿಡು,” ಎನ್ನುವವರು.

ಅಂಗಡಿಯಲ್ಲಿದ್ದುದರಲ್ಲೇ ಅತಿ ಅಗಲದ್ದನ್ನು ತೋರಿಸಿ ಅದನ್ನೇ ಹಾಕಲು ಹೇಳಿದೆ.

“ಅಕ್ಕಾರ, ಇದು ಭಾಳ ಅಗಲ ಆತ್ರಿ. ತೆಗ್ಗಿಗೆ ಬಿದ್ದಾಗೊಮ್ಮೆ ಒಳಗ ತಿಕ್ಕತೈತಿ. ಮಳಿನೀರಾಗ ತೇಲತೈತಿ,” ಎಂದ ಅಂಗಡಿಯವನು, ಇನ್ನೊಂದನ್ನು ಉರುಳಿಸಿಕೊಂಡು ಬಂದ. ಹಳೆಯದಕ್ಕಿಂತ ಒಂದೇ ಅಳತೆ ಅಗಲ, ಮೆತ್ತಗಿನ ರಬ್ಬರು, ನೀರು ಹೊರಹೋಗಲು ಆಳವಾದ ಗೆರೆಗಳು. ಬೇಗ ಸವೆಯುತ್ತದೆ ಎಂಬುದನ್ನೂ ಮುಚ್ಚಿಡಲಿಲ್ಲ. ನನ್ನ ಕಣ್ಣು ಮಾತ್ರ ಅಗಲದ್ದರ ಮೇಲೇ ಇತ್ತು. ಅಷ್ಟರಲ್ಲಿ ಅತ್ತೆ ಎರಡಕ್ಕೂ ಉಗುರು ಊರಿ ನೋಡಿದರು.

“ಆ ಅಗಲಂದು ಹಳೇ ಜ್ವಾಳದ ಹಿಟ್ಟು ಇದ್ದಂಗ ಐತಿ. ಇದಕ್ಕ ಜಿಗಿ ಐತಿ ನೋಡು.”

ರೊಟ್ಟಿ ಬಡಿದವರಿಗೆ ಜಿಗಿ ಎಂದರೇನೆಂದು ಹೇಳಬೇಕಿಲ್ಲ. ಹಿಟ್ಟು ಹಳತಾದರೆ ಅದರ ಅಂಟು ಹೋಗಿ ರೊಟ್ಟಿ ಅಂಚಿನಲ್ಲೆಲ್ಲ ಬಿರಿಯುತ್ತದೆ. ನನಗೆ ನಗು ಬಂತು, ಹಟವೂ ಇಳಿಯಿತು. ಜಿಗಿ ಇದ್ದದ್ದನ್ನೇ ಹಾಕಿಸಿದೆ.

ಮರುದಿನ ಅಮಾವಾಸ್ಯೆ. ಟ್ರ್ಯಾಕ್ಟರಿಗೆ, ಕಾರಿಗೆ ಪೂಜೆ ಮಾಡಿ ನಿಂಬೆಹಣ್ಣು ಕಟ್ಟುವುದು ಅತ್ತೆಯ ಕೆಲಸ. ಪೂಜೆ ಮುಗಿದ ಮೇಲೆ ಅದೇ ತಿರುವಿಗೆ ಹೋಗಿ ತೋರಿಸುತ್ತೇನೆಂದು ಮಾವನವರಿಗೆ ಹೇಳಿದ್ದೆ. ನಾನು ಸೀರೆ ಉಟ್ಟು ಹೊರಗೆ ಬರುವಷ್ಟರಲ್ಲಿ ಅವರು ಮುಂದಿನ ಸೀಟಿನಲ್ಲಿ ಕೂತು, ಮೇಲಿನ ಹಿಡಿಕೆಯನ್ನು ಆಗಲೇ ಭದ್ರವಾಗಿ ಹಿಡಿದಿದ್ದರು. ಅಂಗಳದಿಂದ ರಸ್ತೆಗೆ ಕಲ್ಲುಹಾಸಿನ ಸಣ್ಣ ಏರು. ಕಾಲೊತ್ತಿದೆ. ಗಾಲಿಗಳು ಗಿರ್ರನೆ ನಿಂತಲ್ಲೇ ತಿರುಗಿದವು, ಹಿಂಭಾಗ ತುಳಸಿಕಟ್ಟೆಯ ಕಡೆಗೆ ಜಾರಿತು.

“ಬಾಲ!” ಎಂದರು ಮಾವ.

ನನಗೆ ಅಳುವೇ ಬಂತು. ಮುಗಿಯಿತು, ಕಾರು ಇನ್ನು ನನ್ನದಲ್ಲ ಎಂದುಕೊಂಡು ಕೆಳಗಿಳಿದೆ. ಹೊಸ ಟೈರುಗಳು ಫಳಫಳ ಹೊಳೆಯುತ್ತಿದ್ದವು. ಮುಟ್ಟಿದರೆ ಬೆರಳಿಗೆ ಕೊಬ್ಬರಿಎಣ್ಣೆ ಹತ್ತಿತು.

“ಟ್ರ್ಯಾಕ್ಟರಿಗೆ ಹಚ್ಚಿದಂಗ ಇದಕ್ಕೂ ಹಚ್ಚೀನಿ,” ಎಂದರು ಅತ್ತೆ, ಆರತಿ ತಟ್ಟೆ ಹಿಡಿದು ನಿಂತಲ್ಲಿಂದಲೇ. “ಹೊಸಾ ಟೈರು, ಚಂದ ಕಾಣ್ಲಿ ಅಂತ.”

ಟ್ರ್ಯಾಕ್ಟರು ಹೋಗುವುದು ಕೆಸರಿಗೆ, ಅದಕ್ಕೆ ಎಣ್ಣೆ ಹಚ್ಚಿದರೇನು ಬಿಟ್ಟರೇನು. ಜಿಗಿ ನೋಡಿ ಆರಿಸಿದ ಕೈಯೇ ಜಿಗಿಯನ್ನು ಹಾಳುಮಾಡಿತ್ತು. ಎಲ್ಲಿಲ್ಲದ ಸಿಟ್ಟು ಬಂದು ಬಾಯಿ ತೆರೆದೆ. ಆದರೆ ಕಾರಿನೊಳಗಿಂದ ನಗು ಕೇಳಿಸಿತು. ಮಾವನವರು ಕೆಮ್ಮು ಬರುವಷ್ಟು ನಗುತ್ತಿದ್ದರು.

“ಎಣ್ಣಿ ಹಚ್ಚಿದ ಮ್ಯಾಲೆ ಎರೀಬೇಕಲ್ಲ? ಸೀಗಿಕಾಯಿ ತಗೊಂಬಾ,” ಎಂದು ಅತ್ತೆಗೆ ಹೇಳಿ ಇಳಿದರು. ನನ್ನ ಕಡೆ ತಿರುಗಿ, “ಇದು ಲೆಕ್ಕಕ್ಕ ಇಲ್ಲ ತಗೋ,” ಎಂದರು. ಆ ಮಾತಿಗೆ ನನ್ನ ಜೀವ ವಾಪಸು ಬಂತು.

ಹಬ್ಬದ ದಿನ ಮಕ್ಕಳಿಗೆ ಎರೆದಂತೆ ಮೂವರೂ ಕುಕ್ಕರಗಾಲಲ್ಲಿ ಕೂತು ಬಿಸಿನೀರು, ಸೀಗೆಕಾಯಿ ಹಾಕಿ ಟೈರು ತಿಕ್ಕಿದೆವು. ಗೆರೆಯೊಳಗಿನ ಎಣ್ಣೆಯನ್ನು ಮಾವನವರೇ ಕಡ್ಡಿ ಹಾಕಿ ತೆಗೆದರು. ಒಣಗಿದ ಮೇಲೆ ಅತ್ತೆ ಉಗುರು ಊರಿ ನೋಡಿ ತಲೆಯಾಡಿಸಿದರು.

ಸಿದ್ದಾಪುರದ ತಿರುವಿನಲ್ಲಿ ಕೆಸರು ಹಾಗೆಯೇ ಇತ್ತು. ಚಹಾದಂಗಡಿಯವರು ಗುರುತು ಹಿಡಿದು ಎದ್ದು ನಿಂತರು. ಅಂದಿನಷ್ಟೇ ವೇಗ ಕೊಟ್ಟೆ. ಹಿಂಭಾಗ ಒಮ್ಮೆ ಮಿಸುಕಿ, ನೆಲ ಕಚ್ಚಿ ಹಿಡಿದು, ನೆಟ್ಟಗೆ ಮುಂದೆ ಹೋಯಿತು. ಖುಷಿಗೆ ಚಹಾದಂಗಡಿಯವರಿಗೆ ಕೇಳುವಂತೆ ಹಾರ್ನ್ ಒತ್ತಿದೆ. ಕಾಲುವೆ ದಾಟಿದ ಮೇಲೆ ಮಾವನವರು ಹಿಡಿಕೆಯನ್ನು ಬಿಟ್ಟು ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡರು.

“ಯವ್ವಾ,” ಎಂದರು, “ಮುಂದಿನ ಗಾಲಿಗೆ ಯಾವಾಗ ಹಾಕಸ್ತಿ, ಜಿಗಿ ಇದ್ದದ್ದು?”