ಬ್ರಿಟನ್ನಿನ ಗಾಳಿ, ನಮ್ಮ ವೀಸಾ

ಇಂಗ್ಲೆಂಡಿನ ಪೂರ್ವ ಕರಾವಳಿಯಲ್ಲಿ ಯಾರೋ ಒಬ್ಬ ಅಜ್ಜಿಯ ನಾಯಿಗೆ ಕರೆಂಟು ತೆಗೆಯುವ ಗಾಳಿಯಂತ್ರ ಕಂಡರೆ ಆಗುವುದಿಲ್ಲವಂತೆ. ಸಮುದ್ರದಲ್ಲಿ ಅವು ತಿರುಗತೊಡಗಿದ ಮೇಲೆ ಅದು ದಂಡೆಯ ಕಡೆ ಹೆಜ್ಜೆಯೇ ಇಡುವುದಿಲ್ಲವಂತೆ. ಆದ್ದರಿಂದ ಸರ್ಕಾರ ಅವನ್ನೆಲ್ಲ ಕಿತ್ತು ಹಾಕಬೇಕಂತೆ. ಇದನ್ನು ಓದಿ, ಅರ್ಥ ಮಾಡಿಕೊಂಡು, ಪಕ್ಕದ ಖಾನೆಯಲ್ಲಿ ಸರಿಯಾದ ಸಂಖ್ಯೆ ಹಾಕುವುದು ದುಬೈಯ ಅಲ್ ಕೂಜ್‌ನಲ್ಲಿ, ಟೈರ್ ಗೋದಾಮೊಂದರ ಮೇಲಿನ ಮಹಡಿಯಲ್ಲಿ ಕೂತ ನನ್ನ ಕೆಲಸ.

ಈ ಕೆಲಸಕ್ಕೆ ಕೋಡಿಂಗ್ ಎಂದು ಹೆಸರು. ಹಾಗೆಂದರೆ ಊರಿನ ನೆಂಟರು ಸಾಫ್ಟ್‌ವೇರ್ ಎಂದು ತಿಳಿದು ಮದುವೆ ಹಾಲಿನಲ್ಲಿ ಮುಂದಿನ ಸಾಲಿನ ಕುರ್ಚಿ ಬಿಟ್ಟುಕೊಡುತ್ತಾರೆ. ನಾನು ತಿದ್ದಲು ಹೋಗಿಲ್ಲ. ನಿಜ ಸಂಗತಿ ಇಷ್ಟೇ: ಬ್ರಿಟನ್ನಿನ ಒಂದು ಸಮೀಕ್ಷಾ ಕಂಪನಿ ಅಲ್ಲಿಯ ಮತದಾರರಿಗೆ ಪ್ರಶ್ನೆ ಕಳಿಸುತ್ತದೆ. ಹೆಚ್ಚಿನ ಪ್ರಶ್ನೆಗಳಿಗೆ ಟಿಕ್ ಹಾಕಿದರಾಯಿತು. ಒಂದೆರಡಕ್ಕೆ ಮಾತ್ರ ನಿಮ್ಮ ಮಾತಿನಲ್ಲೇ ಹೇಳಿ ಎಂದಿರುತ್ತದೆ. ಆಗ ಜನ ಹೇಳಿಯೇ ಹೇಳುತ್ತಾರೆ. ಕರೆಂಟು ಬಿಲ್ಲು, ದೋಣಿಯಲ್ಲಿ ಬಂದಿಳಿಯುವ ವಲಸಿಗರು, ಆಸ್ಪತ್ರೆಯ ಕ್ಯೂ, ಪಕ್ಕದ ಮನೆಯವನ ಸೋಲಾರ್ ಪ್ಯಾನೆಲ್, ಎಲ್ಲವೂ ಒಂದೇ ಉಸಿರಿಗೆ. ಮಾತನ್ನು ಹಾಗೇ ಎಣಿಸಲು ಬರುವುದಿಲ್ಲವಲ್ಲ, ಅದಕ್ಕೆ ಒಂದೊಂದು ಬಗೆಯ ಮಾತಿಗೆ ಒಂದೊಂದು ಸಂಖ್ಯೆ. ಬಿಲ್ಲಿನ ದೂರಿಗೆ ಒಂದು, ಕಡಲ ನೋಟ ಕೆಟ್ಟಿತೆಂಬ ದೂರಿಗೆ ಇನ್ನೊಂದು. ಎಲ್ಲಿಗೂ ಸೇರದ ಮಾತುಗಳಿಗೆ ಕೊನೆಯಲ್ಲಿ 'ಅದರ್ಸ್' ಎಂಬ ಡಬ್ಬಿ ಇದೆ. ಇತರೆ ಎಂದರ್ಥ. ಅಜ್ಜಿಯ ನಾಯಿ ಅಲ್ಲಿಗೆ ಹೋಯಿತು.

ನನ್ನ ಪಕ್ಕದ ಮೇಜಿನಲ್ಲಿ ಉಳ್ಳಾಲದ ಬ್ಯಾರಿಯೊಬ್ಬರಿದ್ದರು. ನನಗಿಂತ ಹಿರಿಯರಾದರೂ ನನ್ನನ್ನು ಅಕ್ಕ ಎಂದೇ ಕರೆಯುತ್ತಿದ್ದರು, ನಾನು ಭಾಯ್ ಎನ್ನುತ್ತಿದ್ದೆ. ಬ್ರಿಟಿಷರ ಉತ್ತರಗಳನ್ನು ಓದಿ ಓದಿ ಅವರಿಗೆ ಆ ದೇಶದ ಮೇಲೆ ಒಂದು ಬಗೆಯ ಸಲುಗೆ ಹುಟ್ಟಿತ್ತು.

"ಎಂತ ಜನ ಅಕ್ಕ ಇವರು! ಕರೆಂಟ್ ಬೇಕು, ಗಾಳಿ ಕಂಬ ಬೇಡ. ನಮ್ಮಲ್ಲಿ ಮೀನು ಬೇಕು, ವಾಸನೆ ಬೇಡ ಅಂದ್ರೆ ಮನೆಯಿಂದ ಹೊರಗೆ ಹಾಕ್ತಾರೆ."

ನಾನು ನಗುತ್ತಿದ್ದೆ. ಪೂರ್ತಿ ಮನಸ್ಸಿನಿಂದ ನಗುತ್ತಿದ್ದೆ ಎಂದರೆ ಸುಳ್ಳಾಗುತ್ತದೆ, ಏಕೆಂದರೆ ನಮ್ಮ ಮನೆಯ ಅನ್ನ ಆ ಕಂಬಗಳಿಂದಲೇ ಬರುತ್ತಿತ್ತು. ನನ್ನವರಿಗೆ ಅಬುಧಾಬಿಯ ಹಮ್ದಾನ್ ಸ್ಟ್ರೀಟಿನಲ್ಲಿ, ಒಂದು ಬ್ರಿಟಿಷ್ ಎಂಜಿನಿಯರಿಂಗ್ ಕಂಪನಿಯ ಚಿಕ್ಕ ಶಾಖೆಯಲ್ಲಿ ಕೆಲಸ. ಉತ್ತರ ಸಮುದ್ರದ ಗಾಳಿಯಂತ್ರಗಳಿಂದ ದಡಕ್ಕೆ ಬರುವ ಕರೆಂಟಿನ ಕೇಬಲ್ ಸಮುದ್ರದ ತಳದಲ್ಲಿ ಯಾವ ದಾರಿ ಹಿಡಿಯಬೇಕೆಂದು ನಕ್ಷೆ ಬಿಡಿಸುವ ಕೆಲಸ ಅದು. ಮಲ್ಪೆಯ ಕಡಲ ಬದಿಯಲ್ಲಿ ಬೆಳೆದ ಮನುಷ್ಯ, ಉತ್ತರ ಸಮುದ್ರವನ್ನು ಒಮ್ಮೆಯೂ ಕಂಡವರಲ್ಲ. ಬೆಳಿಗ್ಗೆ ದುಬೈಯ ಅಲ್ ಕುಸೈಸಿನ ನಮ್ಮ ಫ್ಲ್ಯಾಟಿನ ಕೆಳಗೆ, ನಾಲ್ಕು ಜನ ಬಾಡಿಗೆ ಹಂಚಿಕೊಂಡು ಹೋಗುವ ಕಾರ್‌ಲಿಫ್ಟ್ ಹತ್ತಿ ಹೋದರೆ, ಸಂಜೆ ಅದೇ ಕಾರಿನಲ್ಲಿ ಕುತ್ತಿಗೆ ಹಿಡಿದುಕೊಂಡು ವಾಪಸ್ಸು ಬರುತ್ತಿದ್ದರು. ನನ್ನ ವೀಸಾ, ಮಗಳ ವೀಸಾ ಎರಡೂ ಅವರ ಕೆಲಸಕ್ಕೆ ಕಟ್ಟಿದ್ದವು. ಮಗಳು ಇಲ್ಲಿಯ ಭಾರತೀಯ ಶಾಲೆಯಲ್ಲಿ ಆಗಷ್ಟೇ ಹನ್ನೆರಡನೇ ಕ್ಲಾಸಿಗೆ ಬಂದಿದ್ದಳು. ಅವಳ ಶಾಲೆ ಮುಗಿಯುವವರೆಗೆ ಮೂವರೂ ಒಂದೇ ಮನೆಯಲ್ಲಿರಬೇಕು. ದೇವರಲ್ಲಿ ನಾವು ಕೇಳುತ್ತಿದ್ದುದು ಅದೊಂದೇ.

ಹೀಗೆ ಒಂದೇ ಮನೆಯಲ್ಲಿ ಒಬ್ಬರು ಆ ಸಮುದ್ರಕ್ಕೆ ಕೇಬಲ್ ಎಳೆಯುತ್ತಿದ್ದರು, ಇನ್ನೊಬ್ಬಳು ಅದರ ಬಗ್ಗೆ ದಡದವರ ಬೈಗುಳ ಓದುತ್ತಿದ್ದಳು. ಫಲಿತಾಂಶ ಪ್ರಕಟವಾಗುವವರೆಗೆ ಮನೆಯವರಿಗೂ ಬಾಯಿ ಬಿಡಬಾರದೆಂದು ಆಫೀಸಿನ ನಿಯಮ. ನಾನು ಬಿಡುತ್ತಿರಲಿಲ್ಲ. ಇವರೂ ಕೇಳುತ್ತಿರಲಿಲ್ಲ. ಆದರೆ ಪ್ರಕಟವಾದ ದಿನ ಮೊಬೈಲಿನಲ್ಲಿ ಬ್ರಿಟಿಷ್ ಪೇಪರ್ ತೆರೆದು, ನನ್ನೆದುರು ಹಿಡಿದು ಕೂರುತ್ತಿದ್ದರು. ನಾನು ಕುಂದಾಪುರದವಳು, ಇವರ ಮನೆಮಾತು ತುಳು. ಜಗಳಕ್ಕೆ ನಾವಿಬ್ಬರೂ ಒಪ್ಪಿಕೊಂಡದ್ದು ಉಡುಪಿ ಪೇಟೆಯ ಕನ್ನಡ.

"ನೋಡು ಮಾರಾಯ್ತಿ, ಹೆಚ್ಚಿನವರಿಗೆ ಗಾಳಿ ಕರೆಂಟು ಬೇಕು ಅಂತ ಉಂಟು. ಸುಮ್ನೆ ಹೆದರ್ತಿ ನೀನು."

"ಬೇಕಾ ಅಂತ ಕೇಳಿದ್ರೆ ಯಾರು ಬೇಡ ಅಂತಾರೆ? ಬಜ್ಜಿ ಬೇಕಾ ಕೇಳಿದ್ರೆ ನಾನೂ ಬೇಕು ಅಂತೇನೆ. ಅದಕ್ಕೋಸ್ಕರ ಬಿಸಿಲಲ್ಲಿ ಕ್ಯೂ ನಿಲ್ತೇನಾ?"

ಇದನ್ನು ನಾನು ಎಷ್ಟು ಬಾರಿ ಹೇಳಿದೆನೋ. ಗಾಳಿಯಂತ್ರ ಇಷ್ಟವೇ ಎಂಬುದು ಒಂದು ಪ್ರಶ್ನೆ, ಯಾವ ವಿಷಯ ನೋಡಿ ಓಟು ಹಾಕುತ್ತೀರಿ ಎಂಬುದು ಬೇರೆ ಪ್ರಶ್ನೆ. ಮೊದಲನೆಯದಕ್ಕೆ ಜನ ಧಾರಾಳವಾಗಿ ಹೌದು ಎನ್ನುತ್ತಾರೆ. ಎರಡನೆಯದಕ್ಕೆ ಬಿಲ್ಲು, ವಲಸಿಗರು, ಆಸ್ಪತ್ರೆ ಎಂದು ಬರೆಯುತ್ತಾರೆ. ಗಾಳಿ ಎಂದು ಬರೆದವರು ಬೆರಳೆಣಿಕೆಯಷ್ಟು ಮಂದಿ. ಆದರೆ ಎಂಜಿನಿಯರ್ ಗಂಡನಿಗೆ ಬುದ್ಧಿ ಹೇಳಲು ಹೋಗಬಾರದು. ಲೆಕ್ಕ ತನ್ನ ಪರ ಇದ್ದರೆ ಲೋಕವೂ ತನ್ನ ಪರ ಇದೆ ಎಂದೇ ಅವರ ನಂಬಿಕೆ. ಅದೇ ಸುಮಾರಿಗೆ ಹಳೆಯ ಸ್ನೇಹಿತರೊಬ್ಬರು ಪಶ್ಚಿಮದ ಮರುಭೂಮಿಯಲ್ಲಿರುವ ಗ್ಯಾಸ್ ಸ್ಥಾವರದ ಕೆಲಸಕ್ಕೆ ಕರೆದರು. ಮುಂದಿನ ಕಾಲ ಗ್ಯಾಸಿನದಲ್ಲ, ಗಾಳಿಯದು ಎಂದು ಹೇಳಿ ಇವರು ಕೈಮುಗಿದುಬಿಟ್ಟರು. ನನಗೆ ಸಿಟ್ಟು ನೆತ್ತಿಗೇರಿತು. ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಬಂಗುಡೆ ತಂದುಕೊಟ್ಟರು, ಅಲ್ಲಿಗೆ ಖಲಾಸ್.

ಆಮೇಲೆ ಬಂತು ಮಗಳ ಶಾಲೆಯ ಚರ್ಚಾಸ್ಪರ್ಧೆ. ನವೀಕರಿಸಬಹುದಾದ ಇಂಧನ ಸಾಮಾನ್ಯ ಜನರಿಗೆ ಹೊರೆಯೇ ಎಂಬುದು ವಿಷಯ. ಪರ, ವಿರೋಧ ಯಾರೆಂದು ಚೀಟಿ ಎತ್ತಿ ನಿರ್ಧರಿಸುತ್ತಾರೆ. ಇವಳಿಗೆ ಬಂದದ್ದು ಹೊರೆ ಎಂದು ವಾದಿಸುವ ಪಕ್ಷ. ಹಾಲಿನ ನಡುವೆ ನಿಂತು, ಸೋಫಾದಲ್ಲಿ ಕೂತ ಅಪ್ಪನನ್ನೇ ಸಭೆ ಮಾಡಿಕೊಂಡು ಗಾಳಿಯಂತ್ರಗಳಿಗೆ ಬಡಿದು ಸತ್ತ ಹಕ್ಕಿಗಳ ಬಗ್ಗೆ ಇಂಗ್ಲಿಷಿನಲ್ಲಿ ಶುರು ಮಾಡಿದಳು. ಇವರು ಕೈ ಎತ್ತಿ ತಡೆದರು.

"ಹಕ್ಕಿ ಬಿಡು ಮಗಾ. ಹಕ್ಕಿಗೆ ಯಾರೂ ಮಾರ್ಕ್ ಕೊಡುದಿಲ್ಲ. ಬಿಲ್ಲಿಂದ ಸುರು ಮಾಡು. ಮನೆಯಲ್ಲಿ ಒಬ್ಬಳು ಅಜ್ಜಿ ಚಳಿಗೆ ಹೀಟರ್ ಹಾಕ್ಲಿಕ್ಕೆ ಹೆದರ್ತಾಳೆ ಅಂತ ಹೇಳು. ಗಾಳಿ ನಿಂತ ದಿವ್ಸ ಕರೆಂಟ್ ಎಲ್ಲಿಂದ ತರ್ತೀರಿ ಅಂತ ಕೇಳು. ಇದಕ್ಕೆ ಆಚೆಯವರ ಹತ್ರ ಚಿಕ್ಕ ಉತ್ತರ ಇಲ್ಲ, ಉದ್ದದ್ದು ಮಾತ್ರ ಉಂಟು. ಉದ್ದ ಉತ್ತರ ಯಾರೂ ಕೇಳುದಿಲ್ಲ."

"ಬಟ್ ಪಪ್ಪಾ, ಇಸ್ ಇಟ್ ಟ್ರೂ?"

"ಅರ್ಧ ನಿಜ. ಸ್ಪರ್ಧೆಗೆ ಸಾಕು."

ಮಗಳು ಪ್ರಥಮ ಬಹುಮಾನ ತಂದಳು. ಟ್ರೋಫಿಯನ್ನು ಇವರು ಟಿವಿಯ ಮೇಲಿನ ಕಪಾಟಿನಲ್ಲಿ ತಾವೇ ಇಟ್ಟು, ನಾಲ್ಕು ಕಡೆಯಿಂದ ಫೋಟೋ ತೆಗೆದು ಊರಿಗೆ ಕಳಿಸಿದರು. ನನಗೆ ಹೆಮ್ಮೆಯೇ ಆಯಿತು. ಆದರೆ ಅದೇ ದಿನಗಳಲ್ಲಿ ಬ್ರಿಟನ್ನಿನ ಒಂದು ಪಕ್ಷದವರು ಊರೂರು ತಿರುಗಿ ಹೇಳುತ್ತಿದ್ದುದು ಹೆಚ್ಚುಕಡಿಮೆ ಅದನ್ನೇ: ಅಜ್ಜಿ, ಹೀಟರ್, ಬಿಲ್ಲು. ನಾವು ಬಂದರೆ ಗಾಳಿಯಂತ್ರದ ಕಂಪನಿಗಳ ಜೊತೆ ಸರ್ಕಾರ ಮಾಡಿಕೊಂಡ ಒಪ್ಪಂದಗಳನ್ನೆಲ್ಲ ರದ್ದು ಮಾಡುತ್ತೇವೆ ಎಂದೂ ಕೊನೆಗೆ ಸೇರಿಸುತ್ತಿದ್ದರು. ಅವರಿಗೂ ಬಹುಮಾನ ಬರುವ ಲಕ್ಷಣ ನನ್ನ ಮೇಜಿನ ಮೇಲೆ ಕಾಣತೊಡಗಿತ್ತು.

ಆದರೂ ನಮ್ಮ ಪರ ಬರೆಯುವವರು ಇದ್ದರು. ಅವರಿಗೆಂದೇ ಪಟ್ಟಿಯಲ್ಲಿ ಒಂದು ಸಂಖ್ಯೆ ಇತ್ತು: ಗಾಳಿಯಂತ್ರ ನಿಂತರೆ ಕೆಲಸ ಹೋಗುತ್ತದೆ ಎನ್ನುವವರು. ನನ್ನ ಮಗ ಆ ಕಂಬ ಹತ್ತಿ ರಿಪೇರಿ ಮಾಡುತ್ತಾನೆ ಎಂದು ಒಬ್ಬರು. ಮೀನು ಸಿಗದೆ ನನ್ನ ಗಂಡ ಮಾರಲು ಹೊರಟಿದ್ದ ದೋಣಿ ಈಗ ಕಂಬದ ಕೆಲಸಗಾರರನ್ನು ಒಯ್ಯುತ್ತದೆ ಎಂದು ಒಬ್ಬಾಕೆ. ಆಕೆಯ ಮಾತು ಓದುವಾಗ ನನಗೆ ಕಣ್ಣು ತುಂಬಿ ಬಂತು. ಹೆಸರು ಗೊತ್ತಿಲ್ಲ, ಮುಖ ಗೊತ್ತಿಲ್ಲ, ನಮ್ಮದೇ ಬಂದರಿನವಳು ಎನಿಸಿತು. ಆ ಸಂಖ್ಯೆ ಹಾಕುವಾಗೆಲ್ಲ, ಯಾರಿಗೂ ಕಾಣದ ಹಾಗೆ ಇವರಿಗೊಂದು ಸಹಾಯ ಮಾಡಿದೆ ಎಂಬ ಭ್ರಮೆ ನನಗಿತ್ತು. ನಮಗೆ ಅಲ್ಲಿ ಓಟಿಲ್ಲ, ಇಲ್ಲಿ ಓಟಿಲ್ಲ, ಊರಿನ ಪಟ್ಟಿಯಲ್ಲಿ ಹೆಸರಿದ್ದರೂ ಆ ಹೊತ್ತಿಗೆ ಸರಿಯಾಗಿ ಹೋಗಲು ರಜೆ ಇಲ್ಲ. ಮತ್ತೆ ಇದಲ್ಲದೆ ಇನ್ನೇನಿತ್ತು?

ಒಂದು ಸೋಮವಾರ ಲಂಡನ್ನಿನ ಮೇಡಂ ಮೇಲ್ ಕಳಿಸಿದರು. ಸಮೀಕ್ಷೆಯ ಪಟ್ಟಿ ಮಾಡುವವರು ಅವರೇ, ಒಳ್ಳೆಯ ಹೆಂಗಸು, ಈದ್‌ಗೂ ದೀಪಾವಳಿಗೂ ತಪ್ಪದೆ ಶುಭಾಶಯ ಕಳಿಸುವವರು. ಪಟ್ಟಿ ಉದ್ದವಾಗಿದೆ, ತೀರಾ ಕಡಿಮೆ ಜನ ಹೇಳುವ ಮಾತುಗಳಿಗೆ ಬೇರೆ ಸಂಖ್ಯೆ ಬೇಡ, ಅವನ್ನು ಅದರ್ಸ್‌ಗೆ ಸೇರಿಸಿಬಿಡಿ ಎಂದು ಬರೆದಿದ್ದರು. ಕೆಲಸ ಹೋಗುತ್ತದೆ ಎನ್ನುವವರ ಸಂಖ್ಯೆಯೂ ಅದರಲ್ಲಿತ್ತು. ಇದನ್ನು ಉಳಿಸಬಹುದೇ ಎಂದು ನಾನು ಕೇಳಿದೆ. ಪ್ರತ್ಯೇಕವಾಗಿ ತೋರಿಸುವಷ್ಟು ಜನ ಇಲ್ಲವಲ್ಲ ಎಂದು ಉತ್ತರ ಬಂತು. ಸುಳ್ಳೇನಲ್ಲ. ಇದ್ದಿದ್ದರೆ ಕಥೆಯೇ ಬೇರೆಯಾಗುತ್ತಿತ್ತು.

ಹಳೆಯ ಉತ್ತರಗಳನ್ನೂ ತೆರೆದು ಒಂದೊಂದಾಗಿ ಬದಲಾಯಿಸುವ ಕೆಲಸ ನನ್ನ ಪಾಲಿಗೇ ಬಂತು. ಕಂಬ ಹತ್ತುವ ಮಗನನ್ನು ಅದರ್ಸ್ ಡಬ್ಬಿಗೆ ಹಾಕಿದೆ. ದೋಣಿಯ ಹೆಂಗಸನ್ನೂ ಹಾಕಿದೆ. ಭಾಯ್ ನನ್ನ ಮುಖ ನೋಡಿ, ಕೆಳಗಿನ ಕೆಫೆಟೇರಿಯಾದಿಂದ ಕರಕ್ ಚಹಾ ತರಿಸಿದರು.

"ಬೇಜಾರು ಮಾಡ್ಬೇಡಿ ಅಕ್ಕ. ನಾವು ಹಾಕದಿದ್ರೆ ಇನ್ನೊಬ್ರು ಹಾಕ್ತಾರೆ."

ಸಮಾಧಾನದ ಮಾತಲ್ಲ ಅದು. ಚಹಾ ಕುಡಿದು ಉಳಿದವರನ್ನೂ ಹಾಕಿದೆ.

ಅಲ್ಲಿಂದ ಮುಂದೆ ಎಲ್ಲ ಸರಸರನೆ ಆಯಿತು. ಒಪ್ಪಂದ ರದ್ದು ಮಾಡುವ ಪಕ್ಷವೇ ಮುಂದಿದೆ ಎಂದು ಸಮೀಕ್ಷೆಗಳು ಒಂದಾದ ಮೇಲೊಂದು ಹೇಳತೊಡಗಿದವು, ನಮ್ಮದೂ ಹೇಳಿತು. ನಾನು ಅಂದುಕೊಂಡಿದ್ದೆ, ಚುನಾವಣೆಗೆ ಇನ್ನೂ ಕಾಲವಿದೆ, ಅಷ್ಟರಲ್ಲಿ ಮಗಳ ಪರೀಕ್ಷೆ ಮುಗಿದಿರುತ್ತದೆ ಎಂದು. ದುಡ್ಡು ಹಾಕುವವರು ಚುನಾವಣೆಯ ದಾರಿ ಕಾಯುವುದಿಲ್ಲ ಎಂಬುದು ನನಗೆ ಹೊಳೆದಿರಲಿಲ್ಲ. ನಾಳೆ ರದ್ದಾಗಬಹುದಾದ ಯಂತ್ರಕ್ಕೆ ಇವತ್ತು ಯಾರು ಹಣ ಸುರಿಯುತ್ತಾರೆ? ಇವರ ಯೋಜನೆಯನ್ನು ಮುಂದೂಡಿದರು, ನಂತರ ಹಮ್ದಾನ್ ಸ್ಟ್ರೀಟಿನ ಶಾಖೆಯನ್ನೇ ಮುಚ್ಚಿದರು. ಅಲ್ಲಿ ಯಾರೂ ಇನ್ನೂ ಓಟು ಹಾಕಿರಲಿಲ್ಲ. ಹಾಕುತ್ತೇವೆ ಎಂದು ನಮ್ಮ ಸಮೀಕ್ಷೆಗೆ ಹೇಳಿದ್ದರು, ಅಷ್ಟೇ ಸಾಕಾಯಿತು.

ಇವರು ಗ್ಯಾಸ್ ಸ್ಥಾವರದ ಸ್ನೇಹಿತರಿಗೆ ಫೋನು ಮಾಡಿದರು. ಆ ಜಾಗಕ್ಕೆ ಯಾರೋ ಯಾವಾಗಲೋ ಬಂದಾಗಿತ್ತು. ಬೇರೆ ಕಡೆಗಳಲ್ಲಿ ಇವರ ವಯಸ್ಸು ಕೇಳಿ, ಆಮೇಲೆ ತಿಳಿಸುತ್ತೇವೆ ಎಂದರು. ವೀಸಾ ರದ್ದಾಗುವ ಹೊತ್ತಿಗೆ ನನ್ನ ಆಫೀಸಿನವರು ನನ್ನ ಹೆಸರಿಗೆ ವೀಸಾ ಮಾಡಿಕೊಡಲು ಒಪ್ಪಿದರು, ಮಗಳನ್ನು ಅದರ ಮೇಲೆ ಇರಿಸಿಕೊಳ್ಳಬಹುದು. ಆದರೆ ನನ್ನ ಸಂಬಳಕ್ಕೆ ಇವರ ವೀಸಾವಾಗಲಿ ಈ ಫ್ಲ್ಯಾಟಾಗಲಿ ಎಟುಕುವಂಥದ್ದಲ್ಲ. ತಾಯಿ ಮಗಳಿಗೆ ಅದೇ ಅಲ್ ಕುಸೈಸಿನಲ್ಲಿ ಒಂದು ಮಲಯಾಳಿ ಕುಟುಂಬದ ಜೊತೆ ಶೇರಿಂಗ್ ಕೋಣೆ, ಇವರಿಗೆ ಮಂಗಳೂರಿನ ಒನ್‌ವೇ ಟಿಕೆಟು. ಮೂವರೂ ಒಂದೇ ಮನೆಯಲ್ಲಿ ಎಂದು ಕೇಳಿಕೊಂಡಿದ್ದು ಹೀಗೆ ಮುಗಿಯಿತು.

ಹೊರಡುವ ಹಿಂದಿನ ಸಂಜೆ, ಸಾಮಾನೆಲ್ಲ ಮಾರಿ ಖಾಲಿಯಾದ ಹಾಲಿನಲ್ಲಿ ನೆಲದ ಮೇಲೆ ಕೂತು ಊಟ ಮಾಡುತ್ತಿದ್ದೆವು. ಮಗಳು ಹಸಿವಿಲ್ಲ ಎಂದು ರೂಮಿನ ಬಾಗಿಲು ಹಾಕಿಕೊಂಡಿದ್ದಳು. ಟ್ರೋಫಿಯನ್ನು ಇವರು ತಮ್ಮ ಸೂಟ್‌ಕೇಸಿನಲ್ಲಿ ಬಟ್ಟೆಯ ನಡುವೆ ಇಟ್ಟುಕೊಂಡಿದ್ದರು. ಅನ್ನ ಕಲಸುತ್ತಾ, ತಲೆ ಎತ್ತದೆ ಕೇಳಿದರು:

"ಈಗ ನಾನು ಆ ಕಂಪನಿಯವ ಅಲ್ಲ. ಒಂದು ಕೇಳ್ಬಹುದಾ ನಿನ್ನ ಹತ್ರ?"

"ಕೇಳಿ."

"ಅಷ್ಟು ಜನ ಬರೀತಾರಲ್ಲ. ಇದನ್ನು ನಿಲ್ಸಿದ್ರೆ ಇದ್ರಲ್ಲಿ ದುಡಿಯುವವರ ಗತಿ ಎಂತ ಅಂತ ಒಬ್ಬರೂ ಬರೀಲಿಲ್ವಾ?"

"ಬರ್ದಿದ್ದಾರೆ."

"ಮತ್ತೆ ಪೇಪರಿನಲ್ಲಿ ಎಲ್ಲಿಯೂ ಕಾಣ್ಲಿಲ್ಲ?"

"ಅವರೆಲ್ಲ ಅದರ್ಸ್‌ನಲ್ಲಿದ್ದಾರೆ."

ಇವರು ತಟ್ಟೆಯ ಬದಿಗೆ ಮೀನಿನ ಮುಳ್ಳು ಸರಿಸಿದರು.

"ಅದ್ರಲ್ಲಿ ಬೇರೆ ಯಾರಿದ್ದಾರೆ?"

"ಒಂದು ನಾಯಿ ಉಂಟು," ಎಂದೆ.

ಇವರು ನಕ್ಕರು. ನನಗೂ ನಗು ಬಂತು, ತಡೆಯಲು ನೋಡಿದಷ್ಟೂ ಬಂತು, ಕೊನೆಗೆ ಅದು ನಗುವಾಗಿ ಉಳಿಯಲಿಲ್ಲ. ಮಗಳು ಬಾಗಿಲು ತೆರೆದು ಬಂದು ನಮ್ಮಿಬ್ಬರನ್ನೂ ನೋಡಿದಳು.

"ವಾಟ್ ಹ್ಯಾಪನ್ಡ್?" ಎಂದು ಕೇಳಿದಳು.

ಇವರು ಸರಿದು ಅವಳಿಗೆ ಜಾಗ ಮಾಡಿದರು, ನಾನು ಅವಳ ತಟ್ಟೆಗೆ ಅನ್ನ ಬಡಿಸಿದೆ.