ಹತ್ತು ಗಂಟೆಯ ಎಂಜಿನ್

ನಮ್ಮೂರಿನ ಎರಕದ ಕಾರ್ಖಾನೆಯ ಸೆಕೆ ಎಷ್ಟಿತ್ತೆಂದರೆ, ಪಕ್ಕದ ಬೀದಿಯ ಕೋಳಿಗಳು ಬೇಯಿಸಿದ ಮೊಟ್ಟೆಯನ್ನೇ ಇಡುತ್ತಿದ್ದವು. ಸದ್ದು ಎಷ್ಟಿತ್ತೆಂದರೆ, ಅಲ್ಲಿ ಮೂವತ್ತು ವರ್ಷ ದುಡಿದ ನಾವು ಇವತ್ತಿಗೂ ಚರ್ಚಿನಲ್ಲಿ ಪಿಸುಗುಟ್ಟಿದರೆ ಪಾದ್ರಿಗಳು ಪ್ರಸಂಗ ನಿಲ್ಲಿಸಿ ತಿರುಗಿ ನೋಡುತ್ತಾರೆ.

ಆ ಕಾರ್ಖಾನೆಯಲ್ಲಿ ಕ್ಯಾಸಿಮಿರ್ ಗುರ್ಸ್ಕಿಯ ಕೆಲಸ ಗಂಟೆ ತಿರುಗಿಸುವುದು. ಎಂಜಿನ್ನಿನ ಕಬ್ಬಿಣದ ಒಡಲಿಗೆ ಬ್ಲಾಕು ಅನ್ನುತ್ತಾರೆ; ಅದರ ಅಚ್ಚಿನ ಹಿಂಬದಿಯಲ್ಲಿ ತಾರೀಖಿನ ಅಂಕಿ, ಪಕ್ಕದಲ್ಲೇ ಹೆಬ್ಬೆರಳಗಲದ ಗಡಿಯಾರವೊಂದಿತ್ತು. ಗಂಟೆಗೊಮ್ಮೆ ಎದ್ದುಹೋಗಿ ಅದರ ಮುಳ್ಳನ್ನು ಮುಂದಕ್ಕೆ ತಿರುಗಿಸಬೇಕು. ಯಾವ ಬ್ಲಾಕು ಯಾವ ದಿನ, ಎಷ್ಟು ಗಂಟೆಗೆ ಹುಟ್ಟಿತೆಂಬುದು ಕಬ್ಬಿಣದಲ್ಲೇ ಮೂಡುತ್ತಿತ್ತು. ಉಳಿದ ಹೊತ್ತೆಲ್ಲ ಮರಳು ಹೊರುತ್ತಿದ್ದ. ಆದರೆ ಅದನ್ನು ಅವನು ಯಾರಿಗೂ ಹೇಳುತ್ತಿರಲಿಲ್ಲ.

೧೯೬೯ರ ಜೂನ್ ಹನ್ನೆರಡು. ಮುಳ್ಳನ್ನು ಹತ್ತಕ್ಕೆ ತಿರುಗಿಸಿ ಬಂದವನೇ, ಎದುರು ಸಾಲಿನಲ್ಲಿ ಮರಳಿನ ಅಚ್ಚು ತಟ್ಟುತ್ತಿದ್ದ ಬರ್ನೀಸಳಿಗೆ ಒಂದು ಹಲಗೆ ಎತ್ತಿ ತೋರಿಸಿದ. ಆ ಸದ್ದಿನಲ್ಲಿ ಮಾತು ಕೇಳಿಸುವಂತಿರಲಿಲ್ಲ. ಸೀಮೆಸುಣ್ಣದಲ್ಲಿ ಬರೆದಿದ್ದ: ‘ಮದುವೆ ಆಗ್ತೀಯಾ?’ ಬರ್ನೀಸ್ ಓದಿದಳು, ತಲೆ ತಗ್ಗಿಸಿ ಅಚ್ಚು ತಟ್ಟತೊಡಗಿದಳು. ‘ಹೂಂ’ ಅಂದದ್ದು ಮಧ್ಯಾಹ್ನ ಮೂರಕ್ಕೆ. ಆ ಐದು ಗಂಟೆ ಇವನಿಗೆ ಮುಳ್ಳಿನ ನೆನಪೇ ಇಲ್ಲ! ಅಷ್ಟು ಹೊತ್ತು ಹುಟ್ಟಿದ ಬ್ಲಾಕುಗಳೆಲ್ಲ ಹತ್ತು ಗಂಟೆಗೇ ಹುಟ್ಟಿದವು. ಮೇಸ್ತ್ರಿಯ ಬೈಗುಳ ಆ ಸದ್ದನ್ನೂ ಮೀರಿ ಗಡಿಯಾಚೆಯ ಕೆನಡಾದವರೆಗೆ ಕೇಳಿಸಿತು.

ಇದು ಕ್ಯಾಸಿಮಿರನ ಕಥೆ. ಬರ್ನೀಸಳದ್ದು ಬೇರೆ: “ನಾನು ಆಗಲೇ ತಲೆ ಆಡಿಸಿದ್ದೆ. ಈ ಕುರುಡನಿಗೆ ಕಾಣ್ಲಿಲ್ಲ.” ಐವತ್ತು ವರ್ಷ ಇದೇ ಜಗಳ. ಅವರ ಮನೆಯ ಬೆಕ್ಕುಗಳೂ ಎರಡು ಪಕ್ಷವಾಗಿದ್ದವು.

ಮದುವೆಯಾದ ಮರುವರ್ಷ ಇಬ್ಬರೂ ಸೇರಿ ಸಾಸಿವೆ ಬಣ್ಣದ, ಮಾಡು ಮಡಚುವ ಕಾರೊಂದನ್ನು ಕೊಂಡಿದ್ದರು. ಅದರ ಎಂಜಿನ್ನನ್ನು ಭಾವಮೈದುನ ದೋಣಿಗೆ ಹಾಕುತ್ತೇನೆಂದು ಒಯ್ದ, ದೋಣಿ ಮುಳುಗಿತು. ಈಗ ಅದರ ಸಿಲಿಂಡರುಗಳಲ್ಲಿ ಎಂಟು ಮೀನಿನ ಸಂಸಾರಗಳಿವೆ. ಕಾರು ಗ್ಯಾರೇಜಿನಲ್ಲಿ ಹಳೆ ಪರದೆ ಹೊದ್ದು ಮಲಗಿತು.

ಹೋದ ಚಳಿಗಾಲದಲ್ಲಿ ಡಾಕ್ಟರು ಬರ್ನೀಸಳ ಹೃದಯದ ವಾಲ್ವ್ ಬದಲಿಸಬೇಕೆಂದು ಅಕ್ಟೋಬರಿಗೆ ದಿನ ಗೊತ್ತುಮಾಡಿದರು. ಅವಳು ಕೇಳಿದ್ದು ಒಂದೇ: “ಅಷ್ಟರೊಳಗೆ ಒಂದ್ಸಲ ಆ ಕಾರಿನ ಮಾಡು ಮಡಚಿ ಸರೋವರದ ದಂಡೆಗೆ ಕರ್ಕೊಂಡು ಹೋಗು. ಎಂಜಿನ್ ಯಾವುದಾದ್ರೂ ಸರಿ, ಹುಲ್ಲು ಕತ್ತರಿಸೋ ಮಿಷನ್ನಿಂದಾದ್ರೂ ಸರಿ.”

ಜೂನ್ ಹೊತ್ತಿಗೆ ತುಕ್ಕು ಹೋಯಿತು, ಬಣ್ಣ ಬಂತು, ಹೊಸ ಸೀಟು ಬಂತು. ಉಳಿದದ್ದು ಎಂಜಿನ್. ಕ್ಯಾಸಿಮಿರನ ತಂಗಿಯ ಮಗ ಟಾಡ್ ಸ್ವಂತ ಗ್ಯಾರೇಜಿನವನು. “ಮಾಮ, ಡಬ್ಬದಲ್ಲಿ ಬಂದ ಹೊಸ ಎಂಜಿನ್ ಇದೆ. ನಾನೂರು ಕುದುರೆ! ನಾಲ್ಕೇ ದಿನದಲ್ಲಿ ಕೂರಿಸ್ತೀನಿ” ಅಂದ.

“ನಾನೂರು ಕುದುರೆಗೆ ಹುಲ್ಲು ಹಾಕೋರ್ಯಾರೋ?” ಅಂದು ಕ್ಯಾಸಿಮಿರ್ ಜಾರಿಕೊಂಡ. ಅವನಿಗೆ ಬೇಕಿದ್ದದ್ದು ಹಲಗೆ ಎತ್ತಿ ತೋರಿಸಿದ ಆ ದಿನದ, ಆ ಹತ್ತು ಗಂಟೆಯ ಬ್ಲಾಕು. ಹಳೆ ಸಾಮಾನಿನ ಸಂತೆಗಳಲ್ಲೆಲ್ಲ ಉಳಿದವರು ಎಂಜಿನ್ನಿನ ಶಕ್ತಿ ವಿಚಾರಿಸುತ್ತಿದ್ದರೆ, ಇವನು ಹಿಂದಿನಿಂದ ಕೈ ತೂರಿಸಿ, ಕಣ್ಣು ಮುಚ್ಚಿ, ಹಸುವಿನ ಹೊಟ್ಟೆ ಮುಟ್ಟಿ ಕರು ನೋಡುವವನಂತೆ ಮುಳ್ಳು ತಡಕುತ್ತಿದ್ದ. ಜೊತೆಗೆ ನಾನಿದ್ದೆ. ನೋಡಿದ ಬ್ಲಾಕುಗಳನ್ನು ಒಂದರ ಮೇಲೊಂದು ಇಟ್ಟಿದ್ದರೆ ಚಂದ್ರನಿಗೆ ಮೆಟ್ಟಿಲಾಗುತ್ತಿತ್ತು.

ಆಗಸ್ಟಿನಲ್ಲಿ ಸಿಕ್ಕಿತು. ಚೆರ್ರಿ ತೋಟವೊಂದರಲ್ಲಿ ನೀರೆತ್ತಿ ಎತ್ತಿ ಸುಸ್ತಾದ ಮುದಿ ಎಂಜಿನ್. ಹುಟ್ಟುವಾಗಲೇ ಲಾರಿಗೆಂದು ಹುಟ್ಟಿದ್ದು, ಓಟಕ್ಕಲ್ಲ. ಕ್ಯಾಸಿಮಿರ್ ಕೈ ತೂರಿಸಿದವನು ಹೊರಗೆ ತೆಗೆಯಲೇ ಇಲ್ಲ. “ಹನ್ನೆರಡನೇ ತಾರೀಖು ಕಣೋ ಸುಳ್ಳಪ್ಪಾ,” ಅಂದ ನನಗೆ, “ಹತ್ತು ಗಂಟೆ.”

ಗ್ಯಾರೇಜಿಗೆ ತಂದು ಬಿಚ್ಚಿದರೆ ಒಳಗೆ ಚೆರ್ರಿ ತೋಟದ ಅರ್ಧ ಕೆಸರಿತ್ತು. “ಮಾಮ, ಇದನ್ನ ಕೊರೆದು, ತಿಕ್ಕಿ, ಜೋಡಿಸೋಕೆ ಆರು ವಾರ ಬೇಕು. ಅಲ್ಲೊಂದು ಬಿರುಕು ಸಿಕ್ತೋ, ಅತ್ತೆಯ ಸವಾರಿ ತಪ್ಪಿತು” ಅಂದ ಟಾಡ್.

ಅಷ್ಟರಲ್ಲಿ ಬರ್ನೀಸ್ ನಮಗೆ ಕಾಫಿ ತಂದಳು. ಅಡುಗೆಮನೆಯಿಂದ ಗ್ಯಾರೇಜಿಗೆ ಮೂರು ಮೆಟ್ಟಿಲು. ಮೂರಕ್ಕೆ ಎರಡು ಸಲ ನಿಂತು ಉಸಿರು ತೆಗೆದುಕೊಂಡಳು. ಕ್ಯಾಸಿಮಿರ್ ಅದನ್ನು ನೋಡಿದ. ಕೈ ಒರೆಸಿಕೊಂಡ. “ಟಾಡ್, ನಾಳೆ ನಿನ್ನ ಹೊಸದನ್ನೇ ತಗೊಂಡ್ಬಾ” ಅಂದು ಹಳೆ ಬ್ಲಾಕಿಗೆ ಬಟ್ಟೆ ಮುಚ್ಚಿದ.

“ಅದೇನದು ಮುಚ್ತಿರೋದು?” ಅಂದಳು ಬರ್ನೀಸ್.

“ಏನಿಲ್ಲ, ಗುಜರಿ.”

“ಗುಜರಿಗೆ ಕಣ್ಣಲ್ಲಿ ನೀರು ಹಾಕ್ತಿದೀಯಲ್ಲೋ ಮುದುಕಾ!” ಬಟ್ಟೆ ಸರಿಸಿದಳು. ಆ ಕಾರ್ಖಾನೆಯ ಹೆಣ್ಣಿಗೆ ಎಲ್ಲಿ ಕೈ ಹಾಕಬೇಕೆಂದು ಯಾರೂ ಹೇಳಿಕೊಡಬೇಕಿರಲಿಲ್ಲ. ತಾರೀಖು ಸವರಿದಳು. ಮುಳ್ಳು ಸವರಿದಳು.

“ನೋಡಿದ್ಯಾ? ಹತ್ತು!” ಅಂದ ಕ್ಯಾಸಿಮಿರ್. ತಡೆಯಲಾಗಲಿಲ್ಲ ಅವನಿಗೆ. “ಐದು ಗಂಟೆ ಕಾಯಿಸಿದ್ದೆ ನೀನು!”

“ಇದು ನಿಜವಾಗ್ಲೂ ಹತ್ತಕ್ಕೇ ಎರಕ ಆಗಿದ್ರೆ? ಇದ್ಯಾವ ಸಾಕ್ಷಿಯೋ ಪೆದ್ದಾ?”

ಕ್ಯಾಸಿಮಿರನ ಬಾಯಿ ಕುಲುಮೆಯ ಬಾಗಿಲಿನಂತೆ ತೆರೆದೇ ಇತ್ತು. ಐವತ್ತು ವರ್ಷದಲ್ಲಿ ಇದು ಅವನಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ.

ಬರ್ನೀಸ್ ಮುಳ್ಳಿನ ಮೇಲಿಂದ ಬೆರಳು ತೆಗೆಯದೆ, ತುಸು ಮೆಲ್ಲಗೆ ಅಂದಳು: “ಹೋಗ್ಲಿ ಬಿಡು. ಕಾಯ್ಸಿದ್ದು ನಿಜ. ಹನ್ನೊಂದಾಯ್ತು, ನೀನು ಮುಳ್ಳು ತಿರುಗಿಸೋಕೆ ಏಳ್ಲಿಲ್ಲ. ಹನ್ನೆರಡಾಯ್ತು, ಏಳ್ಲಿಲ್ಲ. ನನ್ನಿಂದ ಒಬ್ಬ ಗಂಡಸಿಗೆ ಗಂಟೆನೇ ಮರೆತುಹೋಗಿದೆ ಅಂತ ಕಂಡಿದ್ದು ಅದೇ ಮೊದಲು. ಇನ್ನೊಂದು ಗಂಟೆ ನೋಡೋಣ, ಇನ್ನೊಂದು ಗಂಟೆ ನೋಡೋಣ ಅಂತ ಸುಮ್ನಿದ್ದೆ. ಮೂರಕ್ಕೆ ಮೇಸ್ತ್ರಿ ಬರೋದು ಕಾಣಿಸ್ತು, ನಿನ್ನ ಕೆಲಸ ಹೋಗುತ್ತೆ ಅಂತ ಹೂಂ ಅಂದೆ.”

ಟಾಡ್ ಒಂದು ಸ್ಪ್ಯಾನರನ್ನು ಅನಗತ್ಯವಾಗಿ ಒರೆಸಿದ.

“ಇದನ್ನೇ ಕೂರಿಸಿ,” ಅಂದಳು. “ಆರು ವಾರ ತಾನೇ? ಕಾಯೋದು ನಂಗೇನು ಹೊಸದಲ್ಲ.”

ಬಿರುಕು ಇರಲಿಲ್ಲ. ಟಾಡ್ ಹಗಲೂ ಸಂಜೆಯೂ ದುಡಿದ. ಸೆಪ್ಟೆಂಬರ್ ಕೊನೆಯ ಶನಿವಾರ, ಮೇಪಲ್ ಎಲೆ ಕೆಂಪಾಗುವ ಹೊತ್ತಿಗೆ, ಬರ್ನೀಸ್ ತಲೆಗೆ ರುಮಾಲು ಕಟ್ಟಿ ಕೂತಳು. ಹೊಸಿಲಿಂದ ಸರೋವರದವರೆಗೆ ಅವರನ್ನು ಮೂರು ಟ್ರ್ಯಾಕ್ಟರು, ಒಂದು ಸೈಕಲ್ಲು, ಕುಂಟುವ ಬಾತುಕೋಳಿಯೊಂದು ಹಿಂದಿಕ್ಕಿದವಂತೆ. ದಂಡೆಯಲ್ಲಿ ಇಬ್ಬರೂ ಎಂಜಿನ್ ಆರಿಸದೆ ಕೂತಿದ್ದರಂತೆ, ಅದರ ಸದ್ದು ಕೇಳುತ್ತಾ.

ಈಗ ಬರ್ನೀಸಳ ಎದೆಯಲ್ಲಿ ಹೊಸ ವಾಲ್ವು, ಕಾರಿನ ಎಂಜಿನ್ನಿನಲ್ಲಿ ಹಳೇದು. ಯಾವುದು ಮೊದಲು ಕೈಕೊಡುತ್ತದೆಂದು ಗಂಡಹೆಂಡಿರು ಪಂದ್ಯ ಕಟ್ಟಿದ್ದಾರೆ. ಜಗಳವೂ ನಿಂತಿಲ್ಲ. ಕಾಯಿಸಿದ್ದು ಐದು ಗಂಟೆ ಅನ್ನುತ್ತಾನೆ ಇವನು. ನಡುವೆ ಊಟದ ಅರ್ಧ ಗಂಟೆ ಕಳೆಯಬೇಕು ಅನ್ನುತ್ತಾಳೆ ಅವಳು.